ಎಡಗಡೆಯ ಕಡಲು

ಹಂಗಾರಕಟ್ಟೆಯ ಸೋಮನಿಗೆ ತಲೆಗೆ ಪೆಟ್ಟು ಬಿದ್ದದ್ದು ಕಡಲಲ್ಲಿ ಅಲ್ಲ, ರಸ್ತೆಯಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ನೋಡಿದವರಿಗೆ, ಕಡಲೇ ಇವನನ್ನು ಎತ್ತಿ ಬಂಡೆಗೆ ಅಪ್ಪಳಿಸಿತ್ತೇನೋ ಎಂದು ತೋರಬೇಕು. ಮೀಸೆ ಮೂಡುವ ಮೊದಲಿನಿಂದ ಐವತ್ತು ದಾಟುವ ತನಕ ಅಳಿವೆ ದಾಟಿ ಹೋಗಿ ಬಂದವನು ಅವನು. ನದಿ ಕಡಲಿಗೆ ಬೀಳುವ ಆ ಬಾಯಿಯಲ್ಲಿ ಎರಡು ಸಲ ದೋಣಿ ಮಗುಚಿ, ಎರಡು ಸಲವೂ ಈಜಿ ದಡ ಸೇರಿ, ಮನೆಗೆ ಬಂದು ಗಂಜಿ ಉಂಡವನು. ಅಂಥವನು ಒಂದು ದಿನ ಸಾಸ್ತಾನದ ಪೇಟೆಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಹಿಡಿದು ಹೆದ್ದಾರಿ ದಾಟುವಾಗ ಬೈಕೊಂದು ಬಂದು ಗುದ್ದಿತು. ರಸ್ತೆ ನಡುವಿನ ಕಾಂಕ್ರೀಟು ಕಟ್ಟೆಗೆ ತಲೆ ಹೋಗಿ ಬಡಿಯಿತು.

ಸೋಮ ನಾಡದೋಣಿಯವನು. ನಾಡದೋಣಿ ಅಂದರೆ ಯಾರೋ ಒಬ್ಬ ಧಣಿಯ ಬೋಟಲ್ಲ. ಮೂವತ್ತು ಮಂದಿ ಸೇರಿ ಎರಡು ದೋಣಿ, ಒಂದು ದೊಡ್ಡ ಬಲೆ ಇಟ್ಟುಕೊಂಡು ಮಾಡುವ ಕಸುಬು. ದೊಡ್ಡ ಬೋಟುಗಳೆಲ್ಲ ದಡದಲ್ಲಿ ಕಟ್ಟಿಹಾಕಿಸಿಕೊಂಡು ನಿಲ್ಲುವ ಮಳೆಗಾಲದಲ್ಲೇ ಇವರ ಸುಗ್ಗಿ. ಈ ಮೂವತ್ತು ಮಂದಿಯಲ್ಲಿ ಉಳಿದವರಿಗೆಲ್ಲ ತೋಳು ಗಟ್ಟಿ ಇದ್ದರೆ ಸಾಕು, ಒಬ್ಬನಿಗೆ ಮಾತ್ರ ಕಣ್ಣು ಬೇಕು. ಅವನು ದೋಣಿಯ ಮುಂತುದಿಯಲ್ಲಿ ನಿಂತು ನೀರು ನೋಡುತ್ತಾನೆ. ಬಂಗುಡೆಯ ಹಿಂಡು ಇದ್ದಲ್ಲಿ ನೀರಿನ ಬಣ್ಣ ಒಂದು ಪಾಲು ಕಪ್ಪಾಗುತ್ತದೆ. ಬೈಗೆ ಎಂಬ ಸಣ್ಣ ಮೀನಿದ್ದರೆ ಹನಿಮಳೆ ಬಿದ್ದಂತೆ ನೀರು ನಡುಗುತ್ತದೆ. ಉಳಿದವರಿಗೆ ಅದೆಲ್ಲ ಬರೀ ನೀರು. ಸೋಮ ‘ಅಲ್ಲಿ’ ಅಂದರೆ ಬಲೆ ಬೀಳುತ್ತಿತ್ತು. ಅವನ ಗುಂಪಿನವರು ಇಡೀ ಕರಾವಳಿಯಲ್ಲಿ ಎದೆ ಉಬ್ಬಿಸಿ ತಿರುಗುತ್ತಿದ್ದದ್ದು ಆ ಒಂದು ಜೊತೆ ಕಣ್ಣಿನ ಧೈರ್ಯದಿಂದ.

ದೊಡ್ಡಾಸ್ಪತ್ರೆಯಲ್ಲಿ ಹತ್ತು ಹನ್ನೆರಡು ದಿನ ಎಚ್ಚರವಿಲ್ಲದೆ ಮಲಗಿದ್ದ. ಎಚ್ಚರ ಬಂದಾಗ ಹೆಂಡತಿ ರತ್ನ ಬಲಗಡೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಎಡಗಡೆ ಅವಳ ತಮ್ಮ ಸುಧೀರ ನಿಂತಿದ್ದ. ಸೋಮನಿಗೆ ಸುಧೀರ ಇದ್ದದ್ದೇ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಒಂದೊಂದಾಗಿ ತಿಳಿಯುತ್ತ ಹೋಯಿತು. ಬಾಗಿಲು ದಾಟುವಾಗ ಎಡಭುಜ ದಾರಂದಕ್ಕೆ ಬಡಿಯುತ್ತಿತ್ತು. ಬಟ್ಟಲಿನ ಬಲಗಡೆಯ ಅನ್ನ ಖಾಲಿಯಾಗಿ ಎಡಗಡೆಯ ಮೀನುಸಾರು ಹಾಗೇ ಉಳಿಯುತ್ತಿತ್ತು, ‘ಮೀನ್ ಹಾಕ್ಲಿಲ್ಯಾ?’ ಎಂದು ಕೇಳಿದರೆ ರತ್ನ ಬಟ್ಟಲನ್ನು ಸುಮ್ಮನೆ ತಿರುಗಿಸಿ ಇಡುತ್ತಿದ್ದಳು. ಒಂದು ಕಣ್ಣು ಮುಚ್ಚಿದರೂ, ಇನ್ನೊಂದು ಮುಚ್ಚಿದರೂ, ಎರಡನ್ನೂ ತೆರೆದರೂ ಲೋಕದ ಎಡಗಡೆಯ ಅರ್ಧ ಇರುತ್ತಲೇ ಇರಲಿಲ್ಲ. ಕಪ್ಪಾಗಿ ಕಾಣುತ್ತಿತ್ತು ಅಂತಲ್ಲ. ಇರಲೇ ಇಲ್ಲ, ಅಷ್ಟೆ. ಕಣ್ಣಿನ ಡಾಕ್ಟರೊಬ್ಬರು ಟಾರ್ಚು ಬಿಟ್ಟು ನೋಡಿ, ಕಣ್ಣು ಎರಡೂ ಚೆನ್ನಾಗಿವೆ ಅಂದರು. ಆ ಮಾತು ಊರಿಗೆ ತಲುಪಿತು. ಪಕ್ಕದ ಮನೆಯ ಚಂದಯ್ಯ ಎಡಗಡೆಯಿಂದ ಬಂದು ಮಾತಾಡಿಸಿದಾಗ ಸೋಮ ತಿರುಗಿ ನೋಡದೆ ಹೋದದ್ದೂ ಅದರ ಜೊತೆ ಸೇರಿತು. ‘ಕಣ್ಣ್ ಸಮ ಇತ್ತಂಬ್ರ್. ಕೆಲ್ಸಕ್ಕೆ ಮನಸ್ಸಿಲ್ಲೆ, ಮೇಲಿಂದ ಸೊಕ್ಕ್ ಬೇರೆ.’ ಊರ ಬಾಯಿಗೆ ಬೀಗ ಹಾಕುವವರು ಯಾರು?

‘ಡಾಕ್ಟ್ರ್ ಎಂತ ಹೇಳಿದ್ರ್ ರತ್ನ? ಇದ್ ಸಮ ಆತ್ತಾ?’

‘ಇನ್ನೆಂತ ಮಾಡುಕೆ ಆತಿಲ್ಲೆ ಅಂದ್ರ್. ಜೀವ ಉಳ್ದದ್ದೇ ದೊಡ್ಡದಂಬ್ರ್.’

ಸೋಮ ಕೇಳಿದ್ದು ಒಂದೇ ಸಲ. ಮತ್ತೆ ಕೇಳಲಿಲ್ಲ. ಯಾಕೆ ಕೇಳಬೇಕು? ಮೂಗಿಗೆ ಹಾಕಿದ ನಳಿಗೆಯಲ್ಲಿ ಗಂಜಿ ಹೋಗುತ್ತಿದ್ದ ದಿನಗಳಿಂದ ಅವನನ್ನು ಮಗುವಿನ ಹಾಗೆ ಸಾಕಿದವಳು ಅವಳು. ಅವಳ ಮಾತನ್ನು ನಂಬದಿದ್ದರೆ ಇನ್ನು ಯಾರ ಮಾತನ್ನು ನಂಬುವುದು? ಜಗಲಿಯ ಮೇಲೆ ಕೂತು ಹರಿದ ಬಲೆ ಕಟ್ಟಿಕೊಡುತ್ತ ಎರಡು ಮಳೆಗಾಲ ಕಳೆದ. ದೋಣಿಯ ತುದಿಯಲ್ಲಿ ಅವನ ಜಾಗಕ್ಕೆ ಸುಧೀರ ನಿಂತ. ಸುಧೀರ ಒಳ್ಳೆಯ ಹುಡುಗ, ಗಟ್ಟಿ ತೋಳಿನವನು. ಆದರೆ ನೀರು ಅವನಿಗೆ ಮಾತು ಕೊಡುತ್ತಿರಲಿಲ್ಲ. ಬಲೆ ಎಷ್ಟೋ ಸಲ ಖಾಲಿ ಏಳುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ಸೋಮನಿಗೆ ಬೇಸರವಾಗುತ್ತಿತ್ತು. ಜೊತೆಗೆ ಒಂಚೂರು ಸಂತೋಷವೂ ಆಗುತ್ತಿತ್ತು. ಸುಳ್ಳು ಯಾಕೆ ಹೇಳಬೇಕು.

ಕುಂದಾಪುರದ ಕಾಲೇಜಿಗೆ ಹೋಗುವ ಮಗಳು ಮೋಕ್ಷಿತಾ ಒಂದು ದಿನ, ಕನ್ನಡಕವಾದರೂ ಮಾಡಿಸುವ ಎಂದು ಅವನನ್ನು ಜೊತೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಕನ್ನಡಕ ಕೊಡುವ ಬದಲು ಅವನನ್ನು ಪಕ್ಕದ ಕೋಣೆಗೆ ಕಳಿಸಿದರು. ಆ ಕೋಣೆಯಲ್ಲಿ ಶರ್ಮಿಳಾ ಎಂಬ ಬೈಂದೂರಿನ ಹೆಣ್ಣುಮಗಳು ಇದ್ದಳು. ತಲೆಗೆ ಪೆಟ್ಟು ಬಿದ್ದು ನೋಟ ಕೆಟ್ಟವರಿಗೆ ಮತ್ತೆ ನೋಡುವುದನ್ನು ಕಲಿಸುವುದು ಅವಳ ಕೆಲಸ. ಅಂಥದೊಂದು ಕೆಲಸ ಈ ಲೋಕದಲ್ಲಿ ಇದೆ ಎಂಬುದೇ ಸೋಮನಿಗೆ ಹೊಸದು. ತನ್ನ ಮೂಗನ್ನೇ ನೋಡುತ್ತಿರಿ ಎಂದು ಹೇಳಿ ಅವಳು ಕೆಂಪು ಗುಂಡಿನ ಕಡ್ಡಿಯೊಂದನ್ನು ಎಡಗಡೆಯಿಂದ ಮೆಲ್ಲಗೆ ತಂದಳು. ಅದು ಅವಳ ಮೂಗಿನ ನೇರಕ್ಕೆ ಬರುವ ತನಕ ಸೋಮನಿಗೆ ಕಾಣಲಿಲ್ಲ.

‘ನಿಮ್ಮ ಕಣ್ಣಿಗೆ ಎಂತದೂ ಆಯ್ಲಿಲ್ಲೆ ಸೋಮಣ್ಣ. ಕಣ್ಣ್ ಬರೀ ಕಿಟಕಿ. ಕಂಡದ್ದನ್ನ ಕಂಡೆ ಅಂಬುದ್ ತಲಿಯೊಳ್ಗಿನ ಮಿದುಳ್. ಬಲ್ಬದಿ ಮಿದುಳಿಗೆ ಪೆಟ್ಟ್ ಬಿದ್ರೆ ಎಡದ್ ಕಾಂತಿಲ್ಲೆ.’

‘ಹಾಂಗಾರೆ ಎಂತ ಮಾಡುಕೂ ಆತಿಲ್ಯಾ?’

‘ಹೋದ ಅರ್ಧ ವಾಪಸ್ ಬತ್ತ್ ಅಂತ ನಾನ್ ಹೇಳುದಿಲ್ಲೆ. ಆರೆ ಉಳ್ದ ಅರ್ಧವನ್ನ ಎಡಕ್ಕೆ ತಕಂಡ್ ಹೋಯಿ ಕಾಂಬುಕೆ ಕಲಿಲಕ್. ಕುತ್ತಿಗೆ ಇತ್ತಲೆ, ಕಣ್ಣ್ ತಿರುಗ್ತಿತ್ತಲೆ. ನೀವ್ ಇಷ್ಟ್ ತಡ ಎಂತಕ್ ಮಾಡಿದ್ರಿ? ಸುರುವಿಗೇ ಬಂದಿದ್ರೆ ಒಳ್ಳೇದಿದ್ದಿತ್ತ್. ಆಸ್ಪತ್ರಿಯಿಂದ ಕಳ್ಸುವತಿಗೆ ಮನಿಯವ್ರಿಗೆ ಹೇಳ್ತ್ರಲೆ, ತಿಂಗ್ಳ್ ಬಿಟ್ಟ್ ತರಬೇತಿಗೆ ಕರ್ಕಂಬನ್ನಿ ಅಂತ. ನಿಮ್ಗ್ ಯಾರೂ ಹೇಳ್ಲಿಲ್ಯಾ?’

ಸೋಮ ಮನೆಗೆ ಬಂದಾಗ ರತ್ನ ಬಾವಿಕಟ್ಟೆಯ ಹತ್ತಿರ ಕೂತು ಮೀನು ಕೊಯ್ಯುತ್ತಿದ್ದಳು. ಅವನು ಕೇಳಿದ. ಅವಳು ತಲೆ ಎತ್ತಲಿಲ್ಲ, ಕತ್ತಿಯೂ ನಿಲ್ಲಲಿಲ್ಲ.

‘ಡಾಕ್ಟ್ರ್ ಹತ್ರ ಮಾತಾಡದ್ದೆಲ್ಲ ಸುಧೀರ. ನಂಗೆಂತ ಗೊತ್ತ್?’

ಆಗಲೇ ನಿಂತ ಕಾಲಲ್ಲಿ ಸೋಮ ದೋಣಿ ಎಳೆದು ನಿಲ್ಲಿಸುವಲ್ಲಿಗೆ ನಡೆದ. ದಾರಿಯಲ್ಲಿ ಎರಡು ಸಲ ಮುಗ್ಗರಿಸಿದ. ಸುಧೀರ ನಾಲ್ಕು ಮಂದಿಯ ಜೊತೆ ಬಲೆ ಮಡಚುತ್ತಿದ್ದ. ಅವರೆಲ್ಲರ ಎದುರಿಗೇ ಸೋಮ ಕೇಳಿದ. ಸುಧೀರ ಭಾವನ ಮುಖ ನೋಡಿದ. ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕಿದವನಂತೆ ನಿಂತ.

‘ಹೌದ್ ಬಾವ. ಹೇಳಿದ್ರ್. ನಂಗ್ ನೆಂಪೇ ಹೋಯ್ತ್.’

‘ನೆಂಪ್ ಹೋದದ್ದಲ್ಲ ಅದ್. ನನ್ನ ಜಾಗ ನಿಂಗ್ ಬೇಕಿದ್ದಿತ್ತ್. ಹೆಂಡ್ತಿ ತಮ್ಮ ಅಂತ ದೋಣಿ ಹತ್ಸಿದ್ ನಾನ್, ನೀರ್ ಕಾಂಬುಕೆ ಕಲ್ಸಿದ್ ನಾನ್. ನೀನ್ ನನ್ನ ಕಣ್ಣನ್ನೇ ತೆಗ್ದೆಯಲ್ಲ ಮಾರಾಯ!’

ಸುಧೀರ ಬಾಯಿ ಬಿಡಲಿಲ್ಲ. ತಪ್ಪು ಮಾಡಿದವನು ಬಾಯಿ ಬಿಡುವುದಿಲ್ಲ ಎಂದು ಅಲ್ಲಿದ್ದ ನಾಲ್ವರೂ ತಿಳಿದುಕೊಂಡರು. ಗದ್ದೆಯ ಹೊಸ ಅಕ್ಕಿ ಉಣ್ಣುವ ಹೊಸತಿನ ದಿನ ನೆಂಟರನ್ನು ಬಿಟ್ಟು ಉಣ್ಣುವ ಪದ್ಧತಿ ನಮ್ಮಲ್ಲಿಲ್ಲ. ಆ ವರ್ಷ ಸೋಮ ಭಾವಮೈದನನ್ನು ಕರೆಯಲಿಲ್ಲ. ರತ್ನ ತಮ್ಮನ ಎಲೆ ಹಾಕದೆ ಉಳಿದವರಿಗೆಲ್ಲ ಬಡಿಸಿದಳು. ಅವಳ ಕಣ್ಣಲ್ಲಿ ನೀರು ಕಂಡು ಸೋಮನಿಗೆ ಪಾಪ ಅನಿಸಿತು. ತಮ್ಮ ಹೀಗೆ ಮಾಡಿದನಲ್ಲ ಎಂದು ಅವಳಿಗೂ ನೋವು ಅಂದುಕೊಂಡ.

ವಾರಕ್ಕೆರಡು ಸಲ ಮಗಳ ಜೊತೆ ಕುಂದಾಪುರದ ಬಸ್ಸು ಹತ್ತುವುದು ಶುರುವಾಯಿತು. ಶರ್ಮಿಳಾಳ ಕೋಣೆಯಲ್ಲಿ ಗೋಡೆಯಗಲದ ಹಲಗೆಯೊಂದಿತ್ತು. ಅದರಲ್ಲಿ ಎಲ್ಲೆಲ್ಲೋ ಮಿಣುಕು ದೀಪ ಹತ್ತುತ್ತದೆ. ಹತ್ತಿದ್ದನ್ನು ಹುಡುಕಿ ಮುಟ್ಟಿ ಆರಿಸಬೇಕು. ಬಲಗಡೆಯದನ್ನು ಸೋಮ ಥಟ್ಟನೆ ಆರಿಸಿ, ಇನ್ನು ಇಲ್ಲ ಎಂದು ಕೈಕಟ್ಟಿ ನಿಲ್ಲುತ್ತಿದ್ದ. ಎಡಗಡೆಯವು ಹತ್ತಿಕೊಂಡೇ ಇರುತ್ತಿದ್ದವು. ‘ಎಡದ್ ತುದಿ ಮುಟ್ದೆ ಬಲಕ್ಕೆ ಬಪ್ಪುಕಾಗ’ ಎಂಬುದು ಅವಳ ಮಂತ್ರ. ಮೊದಲು ಎಡದ ಅಂಚಿಗೆ ಕಣ್ಣು ಒಗೆಯಬೇಕು, ಅಲ್ಲಿಂದ ಬಲಕ್ಕೆ ಎಳೆದುಕೊಂಡು ಬರಬೇಕು. ಹೇಳಲು ಸುಲಭ. ಇಲ್ಲದ ಕಡೆಗೆ ನೋಡು ಅಂದರೆ ಯಾರ ಕಣ್ಣು ಹೋಗುತ್ತದೆ? ಬೆವರು ಕಿತ್ತುಕೊಂಡು ಬರುತ್ತಿತ್ತು, ತಲೆ ಸಿಡಿಯುತ್ತಿತ್ತು. ಹೊರಗಿನ ಓಣಿಯಲ್ಲಿ ಅವಳು ಅಲ್ಲಲ್ಲಿ ಕುರ್ಚಿ ಇಟ್ಟು ನಡೆಸುತ್ತಿದ್ದಳು. ಬಡಿದುಕೊಂಡಾಗ ‘ಅಯ್ಯೋ ಪಾಪ’ ಎನ್ನುತ್ತಿರಲಿಲ್ಲ, ‘ಇನ್ನೊಂದ್ ಸಲ’ ಎನ್ನುತ್ತಿದ್ದಳು. ಸೋಮನಿಗೆ ಅವಳು ಹಿಡಿಸಿದ್ದು ಅದಕ್ಕೇ.

ಮನೆಯಲ್ಲೂ ಅಭ್ಯಾಸ ನಡೆಯಬೇಕಿತ್ತು. ಅದಕ್ಕೆ ನಿಂತವಳು ರತ್ನ. ಅಂಗಳದಲ್ಲಿ ಈ ತುದಿಯಿಂದ ಆ ತುದಿಗೆ ಹಗ್ಗ ಕಟ್ಟಿ, ಬಲೆ ತೇಲಲು ಕಟ್ಟುವ ಹಳದಿ, ಬಿಳಿ, ಕೆಂಪು ಬೆಂಡುಗಳನ್ನು ಅದಕ್ಕೆ ನೇತು ಹಾಕಿದಳು. ಸೋಮ ನಡುವೆ ನಿಂತು ಒಂದೊಂದನ್ನೂ ಹುಡುಕಿ ಮುಟ್ಟಬೇಕು. ಅವನು ಜಾಗ ಬಾಯಿಪಾಠ ಮಾಡಿಕೊಂಡ ಅಂತ ಗೊತ್ತಾದರೆ ಮಾರನೆಯ ದಿನ ಎಲ್ಲ ಅದಲುಬದಲು ಮಾಡುವಳು. ಒಂದು ದಿನ ಅವನು ಎಡಗಡೆಯ ಕೊನೆಯ ಬೆಂಡೆಂದು ಒಣಗಲು ಹಾಕಿದ್ದ ಅವಳ ಕೆಂಪು ರವಿಕೆಯನ್ನು ಹಿಡಿದೆಳೆದ. ಇಬ್ಬರೂ ಅಂಗಳದಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪಘಾತವಾದ ಮೇಲೆ ಆ ಮನೆಯಲ್ಲಿ ಅಷ್ಟು ದೊಡ್ಡ ನಗು ಕೇಳಿದ್ದು ಅದೇ ಮೊದಲು.

‘ರತ್ನ, ಈ ಬೆಂಡ್ ಕಂಡ್ತ್ ಅಂದ್ರೆ ನಾಳಿಗ್ ಬಂಗ್ಡಿಯೂ ಕಾಂತ್. ಬಪ್ಪ ಮಳ್ಗಾಲಕ್ಕೆ ನಾನ್ ದೋಣಿ ಹತ್ತುದೇ’ ಎಂದ ಸೋಮ.

‘ಕಾಂಬ’ ಅಂದಳು ರತ್ನ. ರವಿಕೆ ಕೊಡವಿ ಹಗ್ಗಕ್ಕೆ ಹಾಕಿದಳು.

ಎಡಕ್ಕೆ ತಿರುಗುವುದು ಮೆಲ್ಲಮೆಲ್ಲಗೆ ಉಸಿರಾಡಿದಷ್ಟು ಸಲೀಸಾಯಿತು. ಚಂದಯ್ಯ ಎಡಗಡೆಯಿಂದ ಬರುವಾಗ ಸೋಮನೇ ಮೊದಲು ‘ಹ್ವಾಯ್, ಎಲ್ಲಿಗ್ ಹೋಯ್ದ್ರಿ?’ ಎಂದು ಕೂಗಿದ. ಚಂದಯ್ಯ ಕೈಯಲ್ಲಿದ್ದ ಚೀಲ ಬೀಳಿಸಿಕೊಂಡ. ಇನ್ನೊಂದು ದಿನ ಸೋಮ ಒಬ್ಬನೇ ಕೋಡಿ ಕಡೆಯ ದಡದಲ್ಲಿ ಬಡಗಣಕ್ಕೆ ನಡೆದು ಹೋದ. ಆ ದಾರಿಯಲ್ಲಿ ನಡೆದರೆ ಕಡಲು ಎಡಗಡೆಗೆ. ಎರಡು ವರ್ಷಗಳಿಂದ ಅಲ್ಲಿ ಅವನಿಗೆ ಕಡಲಿನ ಸದ್ದು ಮಾತ್ರ ಇತ್ತು, ಕಡಲು ಇರಲಿಲ್ಲ; ತೆಂಗಿನ ತೋಟ, ಮನೆಗಳು ಅಷ್ಟೆ. ಆ ದಿನ ಅವನು ಎಡದ ಅಂಚಿಗೆ ಕಣ್ಣು ಒಗೆದು, ಅಲ್ಲಿಂದ ನಿಧಾನವಾಗಿ ಎಳೆದುಕೊಂಡು ಬಂದ. ಕಡಲು ಬಂತು. ಇಡೀ ಕಡಲು. ಅಲ್ಲೇ ಮರಳಿನ ಮೇಲೆ ಕೂತು ಅತ್ತುಬಿಟ್ಟ.

ಅವನು ಮತ್ತೆ ದೋಣಿ ಹತ್ತುವುದಕ್ಕೆ ಶರ್ಮಿಳಾ ಸುಲಭಕ್ಕೆ ಒಪ್ಪಲಿಲ್ಲ. ತಲೆಯ ಡಾಕ್ಟರಿಗೂ ತೋರಿಸಿ ಬರಲು ಹೇಳಿದಳು. ಕೊನೆಗೆ ಅಂದಳು, ‘ಬೈಕ್ ಬಿಡುಕಾಗ, ದೋಣಿ ಎಂಜಿನ್ ಮುಟ್ಟುಕಾಗ. ಮುಂದೆ ನಿಂತ್ ಕಾಂಬುದಾರೆ, ನಿಮ್ಮ ಎಡಕ್ಕೆ ನಂಬಿಕಿ ಒಬ್ಬ ಜನ ಯಾವಾಗ್ಳೂ ಇರ್ಕ್.’ ಗುಂಪಿನ ಹಿರಿಯ ಕರಿಯಣ್ಣ ಅಷ್ಟಕ್ಕೂ ನಂಬಲಿಲ್ಲ. ಮಳೆಗೆ ಮೊದಲು ಒಂದು ಬೆಳಿಗ್ಗೆ ಸೋಮನನ್ನು ಅಳಿವೆಯ ಕಲ್ಲುಗೋಡೆಯ ತುದಿಗೆ ಕರೆದುಕೊಂಡು ಹೋಗಿ ‘ಎಲ್ಲಿತ್ತ್ ತೋರ್ಸ್ ಕಾಂಬ’ ಎಂದ. ಸೋಮ ಸುಮಾರು ಹೊತ್ತು ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ ನೀರು ಓದಿದ. ಅವನು ಬೆರಳು ತೋರಿಸಿದಲ್ಲಿಗೆ ಸಣ್ಣ ದೋಣಿಯೊಂದು ಹೋಯಿತು. ಬಲೆ ತುಂಬ ಬಂಗುಡೆ ಬಂತು. ಕರಿಯಣ್ಣ ಸೋಮನ ಬೆನ್ನಿಗೊಂದು ಗುದ್ದು ಕೊಟ್ಟು, ‘ದೋಣಿ ಇಳಿಸುವ ದಿನ ಬಾ. ನಿನ್ನ ಜಾಗ ನಿಂದೇ’ ಎಂದ.

ನಾಡದೋಣಿ ಇಳಿಸುವ ಮೊದಲು ಗುಂಪಿನವರೆಲ್ಲ ಊರ ಅಮ್ಮನವರ ಗುಡಿಗೆ ಹೋಗುವುದು ರೂಢಿ. ಅಡಿಕೆಯ ಹಿಂಗಾರ, ತೆಂಗಿನಕಾಯಿ ಇಟ್ಟು ಮೂವತ್ತು ಮಂದಿಯೂ ಕೈಮುಗಿದು ನಿಲ್ಲುತ್ತಾರೆ. ಗುಡಿಯ ಭಟ್ಟರು ಎಲ್ಲರ ಪರವಾಗಿ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಾರೆ. ಒಬ್ಬೊಬ್ಬನ ಹೆಸರೂ ಹೇಳಿ, ಇವನು ನಿನ್ನ ಮಗ, ಹೋದ ಹಾಗೆಯೇ ಮರಳಿ ಕರೆದುಕೊಂಡು ಬಾ ಎಂದು ಒಪ್ಪಿಸುತ್ತಾರೆ. ಹೆಸರು ಹೇಳದೆ ಉಳಿದವನನ್ನು ಆ ವರ್ಷ ದೋಣಿಗೆ ಹತ್ತಿಸುವುದಿಲ್ಲ. ಆ ದಿನ ಬೆಳಿಗ್ಗೆ ಸುಧೀರ ಎಷ್ಟೋ ತಿಂಗಳ ನಂತರ ಭಾವನ ಅಂಗಳಕ್ಕೆ ಬಂದು ದೂರದಲ್ಲೇ ನಿಂತ. ‘ಬಾವ, ಇವತ್ತ್ ಗುಡಿಗೆ ಬಪ್ಪುದ್ ಬ್ಯಾಡ. ನಿಮ್ಮ ಹೆಸ್ರ್ ನಾನ್ ಬೇರೆ ದಿನ ಹೇಳಿಸ್ತೆ’ ಎಂದ. ಸೋಮ ಅವನ ಮುಖಕ್ಕೆ ನಕ್ಕ. ‘ಇನ್ನೂ ಜಾಗದ್ ಆಸಿ ಬಿಡ್ಲಿಲ್ಯಾ?’ ಎಂದ. ಬಾಗಿಲಲ್ಲಿ ನಿಂತಿದ್ದ ರತ್ನ ಒಳಗೆ ಹೋದಳು.

ಪ್ರಾರ್ಥನೆ ಶುರುವಾಯಿತು. ಕರಿಯಣ್ಣನ ಹೆಸರಾಯಿತು, ಸುಧೀರನದಾಯಿತು, ಉಳಿದವರದಾಯಿತು. ಕೊನೆಗೆ ಸೋಮ ಮುಂದೆ ಬಂದು ನಿಂತ. ಭಟ್ಟರು ಬಾಯಿ ತೆರೆದವರು ಹಾಗೇ ನಿಲ್ಲಿಸಿದರು. ವಯಸ್ಸಾದ ಮನುಷ್ಯ, ದೇವರ ಎದುರು ಮಾತು ತಪ್ಪಿದರೆ ಎಂಬ ಹೆದರಿಕೆ ಬಿಟ್ಟರೆ ಮನಸ್ಸಿನಲ್ಲಿ ಬೇರೆ ಏನೂ ಇಲ್ಲದವರು.

‘ಸೋಮ, ನೀನೂ ಹೋಪುದಾ? ರತ್ನ ಹೇಳ್ಕಂಡ ಹರ್ಕಿ ಬಿಡ್ಸಿ ಆಯ್ತಾ?’

‘ಎಂತ ಹರ್ಕಿ ಭಟ್ರೆ?’

‘ನೀನ್ ಆಸ್ಪತ್ರೆಯಂಗೆ ಇಪ್ಪತಿಗೆ ಒದ್ದಿ ಸೀರೆಯಂಗೆ ಬಂದ್ ಇಲ್ಲೇ ನಿಂತ್ ಹೇಳ್ಕಂಡದ್ದಲ್ದಾ? ನಾನೇ ಪ್ರಾರ್ಥನೆ ಮಾಡದ್ದ್. “ಇವ್ರ ಜೀವ ಉಳ್ಸಿ ಕೊಡ್ ಅಮ್ಮ, ಇವ್ರ ಕಡ್ಲನ್ನ ನಿಂಗ್ ಬಿಟ್ಟೆ. ಬದ್ಕಿ ಬಂದ್ರೆ ಇನ್ನ್ ಅಳ್ವಿ ದಾಟುದಿಲ್ಲೆ” ಅಂತ. ನಿಂಗ್ ಗೊತ್ತಿಲ್ಯಾ?’

ಸೋಮ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಒಬ್ಬನೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಕರಿಯಣ್ಣ ಹತ್ತಿರ ಬಂದು ಅವನ ಕೈ ಹಿಡಿದುಕೊಂಡ.

‘ತಪ್ಪ್ ತಿಳ್ಕಂಬೇಡ ಸೋಮ. ನಿನ್ನ ಕಣ್ಣಿನ್ ಮೇಲೆ ನಂಗ್ ಸಂಶಯ ಇಲ್ಲೆ. ಆರೆ ಅಮ್ಮನಿಗ್ ಬಿಟ್ಟದ್ದನ್ನ ದೋಣಿಗ್ ಹತ್ಸುಕೆ ನಮ್ಗ್ಯಾರಿಗೂ ಧೈರ್ಯ ಇಲ್ಲೆ. ಮೂವತ್ತ್ ಮನಿ ಹೆಂಗ್ಸ್ರಿಗೆ ನಾನ್ ಎಂತ ಹೇಳುದ್?’

ದೇವರಿಗೆ ಬಿಟ್ಟ ಕೋಳಿಯನ್ನು ಯಾರೂ ಕೊಯ್ದು ತಿನ್ನುವುದಿಲ್ಲ, ದೇವರಿಗೆ ಬಿಟ್ಟ ಹೋರಿಯನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ. ಸೋಮನೂ ಅದೇ ಊರಿನವನು. ಇನ್ನೊಬ್ಬನ ವಿಷಯವಾಗಿದ್ದರೆ ಅವನೂ ಹತ್ತಿಸುತ್ತಿರಲಿಲ್ಲ. ಭಟ್ಟರಿಗೆ ಪಾಪ, ತಾನೇನೋ ಎಡವಟ್ಟು ಮಾಡಿದೆ ಎಂದು ಗೊತ್ತಾಯಿತು. ‘ದಾರಿ ಇಲ್ಲೆ ಅಂತಲ್ಲ. ಹರ್ಕಿ ಹೇಳ್ಕಂಡವ್ಳೇ ಬಂದ್ ತಪ್ಪುಕಾಣಿಕೆ ಇಟ್ಟ್, ಬಿಡ್ಸಿ ಕೊಡ್ ಅಮ್ಮ ಅಂತ ಕೇಳ್ಕಣ್ಕ್. ಒಂದ್ ಕಾಯಿ, ಒಂದ್ ಹಿಡಿ ಹೂಗ್. ಅಷ್ಟೇ. ಆರೆ ಅವ್ಳೇ ಬರ್ಕ್’ ಎಂದರು.

ಗುಡಿಯ ಮೆಟ್ಟಿಲಿಳಿಯುವಾಗ ಎಡಗಡೆಗೆ ಯಾರೋ ಬಂದು ಸೇರಿದರು. ಸೋಮ ತಿರುಗಿ ನೋಡಿದ. ಸುಧೀರ.

‘ನಿಂಗ್ ಗೊತ್ತಿದ್ದಿತ್ತಾ?’

‘ಗೊತ್ತಿದ್ದಿತ್ತ್.’

‘ಆಸ್ಪತ್ರಿ ತರಬೇತಿದ್?’

ಸುಧೀರ ನೆಲ ನೋಡುತ್ತ ನಡೆದ. ‘ಡಾಕ್ಟ್ರ್ ಹೇಳದ್ದ್ ಅಕ್ಕನ್ ಹತ್ರ. ನಾನ್ ಬದಿಯಂಗ್ ನಿಂತಿದ್ದಿದ್ದೆ. ಕಣ್ಣ್ ಸಮ ಆರೆ ಮತ್ತ್ ಕಡ್ಲಿಗ್ ಹೋತ್ರ್, ನೀನ್ ಬಾಯಿ ಬಿಟ್ರೆ ನಾನ್ ಬಾವಿಗ್ ಹಾರ್ತೆ ಅಂದ್ಳ್. ಅಕ್ಕ ಅಲ್ದಾ ಬಾವ.’

ಸೋಮನ ಕಾಲು ನಿಂತಿತು. ನಾಲ್ಕು ಮಂದಿಯ ಎದುರು ಬೈದದ್ದು, ಹೊಸತಿಗೆ ಕರೆಯದೆ ಇದ್ದದ್ದು, ಇವತ್ತು ಬೆಳಿಗ್ಗೆ ಮುಖಕ್ಕೆ ನಕ್ಕದ್ದು, ಎಲ್ಲ ಒಟ್ಟಿಗೇ ಎದೆಗೆ ಬಂದು ಕೂತಿತು. ‘ಸುಧೀರ, ನಾನ್ ನಿಂಗೆ...’ ಎಂದು ಶುರು ಮಾಡಿದ. ‘ಅದೆಲ್ಲ ಬಿಡಿ ಬಾವ’ ಎಂದು ಸುಧೀರ ಅವನನ್ನು ಮನೆಯ ದಣಪೆಯ ತನಕ ಬಿಟ್ಟು, ಒಳಗೆ ಬಾರದೆ ತಿರುಗಿ ಹೋದ.

ರತ್ನ ಜಗಲಿಯಲ್ಲೇ ಕೂತಿದ್ದಳು. ಅವನ ಮುಖ ನೋಡಿದ್ದೇ ಅವಳಿಗೆ ಎಲ್ಲ ಗೊತ್ತಾಯಿತು. ಸೋಮ ಕೂಗಾಡಲಿಲ್ಲ. ಕಂಬಕ್ಕೆ ಒರಗಿ ಕೂತು, ಮೊದಲು ಮೆತ್ತಗೇ ಕೇಳಿದ.

‘ಹೋದದ್ದ್ ಹೋಯ್ತ್. ಎದ್ ಬಾ. ಒಂದ್ ಕಾಯಿ ಇಟ್ಟ್ ಬಿಡ್ಸಿ ಕೊಡ್. ದೋಣಿ ನಾಳಿಗ್ ಇಳೀತ್.’

‘ಇಲ್ಲೆ.’

‘ಎಂತ?’

‘ನಾನ್ ಇಡುದಿಲ್ಲೆ. ತಪ್ಪ್ ಮಾಡ್ದವ್ರ್ ಅಲ್ದಾ ತಪ್ಪುಕಾಣಿಕೆ ಇಡುದ್? ನಾನ್ ತಪ್ಪ್ ಮಾಡ್ಲಿಲ್ಲೆ.’

ಅವಳ ದನಿಯಲ್ಲಿ ಅಳು ಇರಲಿಲ್ಲ. ಅದೇ ಸೋಮನಿಗೆ ಹೆದರಿಕೆ ಹುಟ್ಟಿಸಿತು. ಇವಳಿಗೊಬ್ಬ ಅಣ್ಣನಿದ್ದ, ಸುಧೀರನಿಗಿಂತ ಎಷ್ಟೋ ದೊಡ್ಡವನು. ಅವಳಿಗೆ ಮದುವೆಯಾಗುವ ಮೊದಲೇ ಅಳಿವೆಯಲ್ಲಿ ಹೋದವನು ಹೆಣವಾಗಿಯೂ ಮರಳಲಿಲ್ಲ. ಸೋಮನಿಗೆ ಅದು ಗೊತ್ತಿತ್ತು. ಅವಳು ಪ್ರತಿ ಮಳೆಗಾಲ ದೋಣಿ ಬರುವ ತನಕ ಬಾಯಿಗೆ ನೀರು ಹಾಕದೆ ಬಾಗಿಲಲ್ಲಿ ಕೂರುತ್ತಿದ್ದಳು ಎಂಬುದು ಮಾತ್ರ ಆ ದಿನ ಅವಳು ಹೇಳಿದ ಮೇಲೆ ಗೊತ್ತಾಯಿತು.

‘ನಿಮ್ಮ ಅರ್ಧ ಕಣ್ಣ್ ಹೋದ ಮೇಲೇ ನಂಗೆ ಪೂರ್ತಿ ಗಂಡ ಸಿಕ್ಕದ್ದ್. ನಾನ್ ಅದನ್ನ ವಾಪಸ್ ಕೊಡುದಿಲ್ಲೆ’ ಎಂದಳು.

‘ನಂಗ್ ಪೆಟ್ಟ್ ಕೊಟ್ಟದ್ದ್ ರಸ್ತಿ, ಕಡ್ಲಲ್ಲ!’

‘ಯಾವ್ದಾರೆ ಎಂತ. ಜೀವ ಉಳೀತಲೆ.’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ಸೋಮನಿಗೆ ಈಗ ಸಿಟ್ಟು ನೆತ್ತಿಗೇರಿತು.

‘ಹರ್ಕಿ ಹೇಳುವವ್ರ್ ತಮ್ದನ್ನ ಹೇಳ್ತ್ರ್. ನಿನ್ನ ಬಂಗಾರ ಹೇಳ್ಲಕಿದ್ದಿತ್ತ್. ನೀನ್ ಒಪ್ಪತ್ತ್ ಉಂಬುದ್ ಹೇಳ್ಲಕಿದ್ದಿತ್ತ್. ನೀನ್ ನಂದನ್ನ ಕೊಟ್ಟೆ. ನನ್ನ ಕೇಳ್ದೆ, ನಾನ್ ಎಚ್ಚರ ಇಲ್ದೆ ಬಿದ್ಕಂಡಿಪ್ಪತಿಗೆ ಕೊಟ್ಟೆ. ಮೇಲಿಂದ ತಮ್ಮನ್ ತಲಿಗ್ ಕಟ್ಟಿದೆ. ಹೊಸ್ತಿನ ದಿನ ಅವ್ನ ಎಲಿ ಹಾಕ್ದೆ ಬಡ್ಸದೆಯಲ್ಲ, ಹ್ಯಾಂಗ್ ಕೈ ಬಂತ್ ನಿಂಗೆ?’

ರತ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

‘ಮತ್ತ್ ಬೆಂಡ್ ಎಂತಕ್ ಕಟ್ಟದ್ದ್? ನಾನ್ ಹತ್ತುಕಿಲ್ಲೆ ಅಂತ ಗೊತ್ತಿದ್ದೂ ದಿನಾ ಬೆಳಿಗ್ಗೆ ಎದ್ದ್ ಎಂತಕ್ ಕಟ್ಟದೆ ನೀನ್?’

‘ನೀವ್ ದಾರಂದಕ್ಕೆ ಬಡ್ಕಂಬುದ್ ಕಾಂಬುಕೆ ಆತಿರ್ಲಿಲ್ಲೆ. ಮನಿ ಕಾಣ್ಲಿ, ಅಂಗ್ಳ ಕಾಣ್ಲಿ, ಮಗ್ಳ್ ಮುಖ ಪೂರ್ತಿ ಕಾಣ್ಲಿ ಅಂದ್ಕಂಡೆ.’

ಅಂಗಳದಲ್ಲಿ ಹಗ್ಗ ಇನ್ನೂ ಕಟ್ಟಿಯೇ ಇತ್ತು. ಅಲ್ಲಿ ಅವಳ ಜೊತೆ ಕೂತು ನಕ್ಕ ನಗು ಸೋಮನಿಗೆ ನೆನಪಾಯಿತು. ಆ ನಗುವನ್ನೂ ಅವಳು ಎಲ್ಲ ಗೊತ್ತಿದ್ದೇ ನಕ್ಕಿದ್ದಳು. ರಸ್ತೆಯ ಪೆಟ್ಟಿಗಿಂತ ಸೋಮನಿಗೆ ಇದು ಹೆಚ್ಚು ನೋವು ಕೊಟ್ಟಿತು. ಆ ಪೆಟ್ಟು ಕೊಟ್ಟವನಿಗೆ ಇವನ ಹೆಸರೂ ಗೊತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ದೋಣಿ ಇಳಿಯುವಾಗ ಸೋಮ ಅಳಿವೆಯ ಕಲ್ಲುಗೋಡೆಯ ಮೇಲೆ ನಿಂತಿದ್ದ. ಮಳೆ ಬಿಟ್ಟಿತ್ತು, ತೆರೆ ಮಾತ್ರ ಜೋರಿತ್ತು. ಎಡದ ಅಂಚಿನಿಂದ ಬಲಕ್ಕೆ ಎಲ್ಲವೂ ಕಂಡಿತು. ಮೊದಲ ದೋಣಿ ದಾಟಿತು. ಎರಡನೆಯದರ ತುದಿಯಲ್ಲಿ ಸುಧೀರ ನಿಂತಿದ್ದ. ಅಳಿವೆಯ ಬಾಯಲ್ಲಿ ದೊಡ್ಡ ತೆರೆಯೊಂದು ಎದ್ದು ದೋಣಿಯ ಮೂತಿಯನ್ನು ಮುಗಿಲಿಗೆ ಎತ್ತಿತು. ಒಂದು ಕ್ಷಣ ಹಿಂದಿನವರು ಯಾರೂ ಕಾಣಲಿಲ್ಲ. ಆಮೇಲೆ ದೋಣಿ ಆಚೆ ಬದಿಗೆ ಇಳಿಯಿತು. ಮೂವತ್ತು ಮಂದಿಯೂ ‘ಓ’ ಎಂದು ಕೂಗಿದ್ದು ಸೋಮನಿಗೆ ಕೇಳಿಸಿತು. ಸುಧೀರ ಸುಖವಾಗಿ ದಾಟಿದ್ದನ್ನು, ಬೆನ್ನು ತಿರುಗಿಸಿ ಬಡಗಣಕ್ಕೆ ಹೋದದ್ದನ್ನು, ಸಣ್ಣದಾಗಿ ಮರೆಯಾದದ್ದನ್ನು ಅವನು ಕಣ್ಣು ಕೀಲಿಸಿ ನೋಡಿದ.

ಮನೆಗೆ ಬಂದಾಗ ರತ್ನ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಬಾಯಿಗೆ ನೀರು ಹಾಕಿರಲಿಲ್ಲ ಎಂಬುದು ತುಟಿ ನೋಡಿದರೆ ತಿಳಿಯುತ್ತಿತ್ತು.

‘ಹ್ವಾಯ್, ತೆರಿ ಜೋರಿತ್ತಂಬ್ರ್. ಸುಧೀರನ್ ದೋಣಿ ದಾಟ್ತಾ? ಕಂಡ್ರ್ಯಾ?’

ಸೋಮ ಕಾಲು ತೊಳೆದುಕೊಂಡ. ದಾರಂದಕ್ಕೆ ಭುಜ ತಾಗದಂತೆ ಅವಳ ಪಕ್ಕದಿಂದ ದಾಟಿ ಒಳಗೆ ಹೋದ.

‘ನಂಗೆ ಕಾಣ್ಲಿಲ್ಲೆ’ ಎಂದ.

ದೋಣಿ ಮರಳಿ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಅಲ್ಲಿಯ ತನಕ ರತ್ನ ಹೊಸ್ತಿಲ ಮೇಲೆಯೇ ಕೂತಿದ್ದಳು.